ಅಗ್ಗದ ಕಾರ್ಬುರೇಟರು ಎಷ್ಟು ಅಗ್ಗ?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸಾಯದ ಕೆಲಸಕ್ಕೂ ಭಾರವಾದ ತೊಡಕುಗಾಡಿಗಳನ್ನು ಎಳೆಯುವುದಕ್ಕೂ ಇಂದಿಗೂ ಬಳಕೆಯಲ್ಲಿರುವ ಹಳೆಯ ಟ್ರಕ್ಕುಗಳ ಪೈಕಿ ಕೆಲವುಗಳಲ್ಲಿ ‘ಬಿಗ್ ಬ್ಲಾಕ್’ ಎಂದು ಕರೆಯಲ್ಪಡುವ ದೈತ್ಯಾಕಾರದ ಪೆಟ್ರೋಲು ಎಂಜಿನುಗಳಿವೆ. ಅವುಗಳಲ್ಲಿ ಹೆಸರಾಂತದ್ದು ಷೆವರ್ಲೆಯ 454. 1970ರಲ್ಲಿ ಬಳಕೆಗೆ ಬಂದ ಈ ಎಂಜಿನಿನ ಎಂಟು ಸಿಲಿಂಡರುಗಳ ಒಟ್ಟು ಗಾತ್ರ 454 ಘನ ಅಂಗುಲ, ಎಂದರೆ ಸುಮಾರು 7.4 ಲೀಟರು. ನಮ್ಮಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಮಾರುತಿ 800 ಕಾರಿನ ಒಂಬತ್ತು ಎಂಜಿನುಗಳನ್ನು ಒಟ್ಟುಗೂಡಿಸಿದರೂ ಈ ಗಾತ್ರಕ್ಕೆ ತುಸು ಕಡಿಮೆಯೇ ಆದೀತು. 1986ರವರೆಗೆ ಟ್ರಕ್ಕುಗಳಲ್ಲಿ ಈ ಎಂಜಿನಿಗೆ ಇಂಧನವನ್ನು ಒದಗಿಸುತ್ತಿದ್ದುದು ಕಾರ್ಬುರೇಟರು. 1987ರಿಂದ ಆ ಸ್ಥಾನದಲ್ಲಿ ಗಣಕದ ಆಜ್ಞೆಯಂತೆ ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಬಂದು ಕುಳಿತಿತು.

ಆ ವ್ಯವಸ್ಥೆಗೆ ಈಗ ಮೂವತ್ತು ವರ್ಷಗಳಿಗೂ ಮೀರಿದ ವಯಸ್ಸು. ತಂತಿಗಳ ಹೊದಿಕೆ ಬಿರಿದಿದೆ, ಜೋಡಣೆಗಳು ಕಿಲುಬು ಹಿಡಿದಿವೆ. ಎಂಜಿನು ಕೆಮ್ಮತೊಡಗಿದೊಡನೆ ಮಾಲೀಕನು, “ಈ ಗಣಕದ ಗೊಡವೆಯೇ ಬೇಡ, ಇದನ್ನು ಕಿತ್ತೆಸೆದು ಹಳೆಯ ಕಾರ್ಬುರೇಟರನ್ನೇ ಕೂರಿಸಿಬಿಡೋಣ, ಖರ್ಚೂ ಕಡಿಮೆ” ಎಂದು ನಿಶ್ಚಯಿಸುತ್ತಾನೆ. ಈ ನಿಶ್ಚಯ ಎಷ್ಟರಮಟ್ಟಿಗೆ ಸರಿ ಎಂಬುದೇ ಇಲ್ಲಿ ನಮ್ಮ ವಿಚಾರ. ದೂರದೇಶದ ಟ್ರಕ್ಕಿನ ಮಾತು ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಂದು ಭಾರತ್ ಹಂತ 6ರ ನಿಯಮಗಳು ಜಾರಿಗೆ ಬಂದಂದಿನಿಂದ ಹೊಸ ಮೋಟಾರು ಸೈಕಲುಗಳಲ್ಲಿ ಕಾರ್ಬುರೇಟರು ಬಹುಮಟ್ಟಿಗೆ ಕಾಣದಂತಾಗಿದೆ. ಹಳೆಯದೇ ಚೆನ್ನಾಗಿತ್ತೆಂಬ ನಿಟ್ಟುಸಿರು ಇಲ್ಲಿಯ ದುರಸ್ತಿ ಅಂಗಡಿಗಳಲ್ಲಿಯೂ ಕೇಳಿಬರುತ್ತದೆ. ಆ ನಿಟ್ಟುಸಿರನ್ನು ತೂಗಿನೋಡಲು ದೊಡ್ಡ ಎಂಜಿನಿಗಿಂತ ಒಳ್ಳೆಯ ತಕ್ಕಡಿ ಸಿಗಲಾರದು. ಅದರಲ್ಲಿ ಎಲ್ಲ ತಪ್ಪುಗಳೂ ದೊಡ್ಡದಾಗಿಯೇ ಕಾಣುತ್ತವೆ.

ಮೊದಲು ಕಾರ್ಬುರೇಟರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಗಾಳಿಯು ಕಿರಿದಾದ ಕಂಠದೊಳಗೆ ನುಗ್ಗುವಾಗ ಅದರ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಈ ತತ್ತ್ವವನ್ನು ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು; ಆ ಕಂಠಕ್ಕೆ ಇಟಲಿಯ ವಿಜ್ಞಾನಿ ವೆಂಚುರಿಯ ಹೆಸರು ನಿಂತಿದೆ. ಕಂಠದಲ್ಲಿ ಇಳಿದ ಒತ್ತಡವೇ ಪಕ್ಕದ ಬಟ್ಟಲಿನಿಂದ ಪೆಟ್ರೋಲನ್ನು ಸಣ್ಣ ರಂಧ್ರದ ಮೂಲಕ ಸೆಳೆದುಕೊಳ್ಳುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು, ಕಡಿಮೆಯಾದರೆ ಅದೂ ಕಡಿಮೆ. ಅಳೆಯುವವರು ಯಾರೂ ಇಲ್ಲದೆ ಅಳತೆ ತನ್ನಷ್ಟಕ್ಕೆ ನಡೆಯುತ್ತದೆ. ತಂತಿಯಿಲ್ಲ, ವಿದ್ಯುತ್ತಿಲ್ಲ, ಒಂದು ತಿರುಪುಳಿ ಕೈಯಲ್ಲಿದ್ದರೆ ಊರಾಚೆಯ ಹೊಲದಲ್ಲಿಯೂ ಬಿಚ್ಚಿ ಶುಚಿಮಾಡಬಹುದು. ತನ್ನ ಯಂತ್ರವನ್ನು ತನ್ನ ಕೈಯಿಂದಲೇ ಸರಿಪಡಿಸಿಕೊಳ್ಳಬೇಕೆಂಬ ಬಯಕೆಯನ್ನು ನಾವು ಹಗುರವಾಗಿ ಕಾಣಲಾರೆವು. ಕಾರ್ಬುರೇಟರನ್ನು ಬಯಸುವವರನ್ನು ಕಾಲಕ್ಕೆ ಹಿಂದುಳಿದವರೆಂದು ಹಾಸ್ಯಮಾಡುವವರ ಗುಂಪಿಗೆ ನಾವು ಸೇರಿದವರಲ್ಲ.

ಆದರೆ ಇಂಜೆಕ್ಷನ್ ಎಂಬುದು ಬಿಡಿಸಲಾಗದ ಒಗಟು ಎಂಬ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ. 1987ರಿಂದ 1995ರವರೆಗಿನ ಈ ಟ್ರಕ್ಕುಗಳಲ್ಲಿ ಚಾಲಕನ ಮುಂದಿನ ಹಲಗೆಯ ಕೆಳಗೆ ಹನ್ನೆರಡು ಕುಳಿಗಳ ಒಂದು ಜೋಡಣೆಯಿದೆ. ಅದರ ‘ಎ’ ಮತ್ತು ‘ಬಿ’ ಎಂಬ ಎರಡು ಕುಳಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಎಂಜಿನನ್ನು ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದರೆ, ಎಚ್ಚರಿಕೆಯ ದೀಪ ಮಿನುಗಿ ಗಣಕದ ಮನಸ್ಸಿನಲ್ಲಿರುವುದನ್ನು ಹೇಳುತ್ತದೆ. ಒಂದು ಮಿನುಗು, ತುಸು ಬಿಡುವು, ಎರಡು ಮಿನುಗು: ಇದು 12. ನಾನು ಎಚ್ಚರವಾಗಿದ್ದೇನೆ ಎಂದಷ್ಟೇ ಇದರ ಅರ್ಥ. 14 ಅಥವಾ 15 ಬಂದರೆ ಎಂಜಿನನ್ನು ತಂಪಾಗಿಡುವ ನೀರಿನ ಶಾಖವನ್ನು ಅಳೆಯುವ ಸಂವೇದಕದ ಕಡೆಗೆ ನೋಡಬೇಕು. ಇಷ್ಟಕ್ಕೆ ಬೇಕಾದ ಬಂಡವಾಳ ಒಂದು ಗೇಣು ತಂತಿ.

ಆ ಸಂವೇದಕದ ವಿಚಾರ ವಿದ್ಯಾರ್ಥಿಗಳಿಗೆ ರುಚಿಸೀತು. ಅದು ಶಾಖ ಏರಿದಂತೆ ವಿದ್ಯುತ್ ನಿರೋಧ ಕುಗ್ಗುವ ಒಂದು ಚೂರು ವಸ್ತು. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ನಿರೋಧ ಸುಮಾರು 3500 ಓಮು. 100 ಡಿಗ್ರಿಯಲ್ಲಿ 200 ಓಮಿಗೂ ಕಡಿಮೆ. ಈಗ ಜೋಡಣೆಯಲ್ಲಿ ಕಿಲುಬು ಸೇರಿ ಒಂದೆರಡು ಸಾವಿರ ಓಮು ನಿರೋಧ ಹೆಚ್ಚಿತೆನ್ನೋಣ. ಕುದಿಯುವಷ್ಟು ಬಿಸಿಯಾಗಿರುವ ಎಂಜಿನನ್ನು ಗಣಕವು ಇನ್ನೂ ಸರಿಯಾಗಿ ಬಿಸಿಯೇರದ ಎಂಜಿನೆಂದು ನಂಬುತ್ತದೆ. ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಸುರಿಯುತ್ತದೆ. ತೋರುವ ಶಾಖ ಅಸಂಭವವೇನೂ ಅಲ್ಲವಾದುದರಿಂದ ಎಚ್ಚರಿಕೆಯ ದೀಪವೂ ಹೊತ್ತದಿರಬಹುದು. ಕಪ್ಪು ಹೊಗೆ ಬರುತ್ತದೆ, ಟ್ಯಾಂಕು ಬೇಗ ಬರಿದಾಗುತ್ತದೆ, ಮಾಲೀಕನ ತಾಳ್ಮೆಯೂ ಬರಿದಾಗುತ್ತದೆ. ಓಮು ಅಳೆಯುವ ಸಾಧಾರಣ ಮಾಪಕವೊಂದು ಐದು ನಿಮಿಷದಲ್ಲಿ ಹೇಳಿಬಿಡುವ ಈ ದೋಷಕ್ಕಾಗಿ ಇಡೀ ವ್ಯವಸ್ಥೆಯನ್ನೇ ಕಿತ್ತುಹಾಕುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಇರಲಿ, ಕಿತ್ತೇಬಿಟ್ಟನೆಂದು ಭಾವಿಸೋಣ. ಖರ್ಚಿನ ಪಟ್ಟಿ ಇಲ್ಲಿಂದ ಬೆಳೆಯತೊಡಗುತ್ತದೆ. ಗಣಕವು ಪೆಟ್ರೋಲನ್ನು ಮಾತ್ರವೇ ನೋಡಿಕೊಳ್ಳುತ್ತಿರಲಿಲ್ಲ. ಕಿಡಿ ಹಾರಬೇಕಾದ ಗಳಿಗೆಯನ್ನು ನಿರ್ಣಯಿಸುತ್ತಿದ್ದುದೂ ಅದೇ. ಸಿಲಿಂಡರಿನ ಒಳಗೆ ಜ್ವಾಲೆ ಹರಡಲು ಕಾಲ ಹಿಡಿಯುತ್ತದೆ. ಆದುದರಿಂದ ಪಿಸ್ಟನ್ ಮೇಲ್ತುದಿಯನ್ನು ಮುಟ್ಟುವ ಮೊದಲೇ ಕಿಡಿ ಹಾರಬೇಕು. ಎಷ್ಟು ಮೊದಲು? ಎಂಜಿನು ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಒಂದು ಮಿಲಿಸೆಕೆಂಡಿನಲ್ಲಿ ಅದರ ದಂಡ 3.6 ಡಿಗ್ರಿ ಮಾತ್ರ ತಿರುಗುತ್ತದೆ. 3000 ಸುತ್ತಿನಲ್ಲಿ ಅದೇ ಮಿಲಿಸೆಕೆಂಡಿಗೆ 18 ಡಿಗ್ರಿ. ವೇಗ ಏರಿದಂತೆ ಕಿಡಿಯೂ ಮುಂದಕ್ಕೆ ಸರಿಯಲೇಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಳೆಯ ಎಂಜಿನುಗಳಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುತ್ತಾ ಹೊರಕ್ಕೆ ಸಿಡಿಯುವ ಎರಡು ತೂಕದ ತುಂಡುಗಳೂ, ನಿರ್ವಾತದಿಂದ ಎಳೆಯಲ್ಪಡುವ ಒಂದು ಪೊರೆಯೂ ಈ ಕೆಲಸವನ್ನು ಮಾಡುತ್ತಿದ್ದವು. 1987ರ ಅನಂತರದ ಡಿಸ್ಟ್ರಿಬ್ಯೂಟರಿನಲ್ಲಿ ಅವೆರಡೂ ಇಲ್ಲ. ಗಣಕವನ್ನು ತೆಗೆದು ಹಾಕಿದರೂ ಎಂಜಿನು ಹೊತ್ತಿಕೊಳ್ಳುತ್ತದೆ, ನಿಂತಲ್ಲಿ ನೆಟ್ಟಗೆ ಓಡುತ್ತದೆ. ಮೋಸ ಹೋಗುವುದು ಇಲ್ಲಿಯೇ. ಭಾರ ಹೇರಿ ಏರುದಾರಿಗೆ ಬಿಟ್ಟಾಗ ಕಿಡಿ ತಡವಾಗಿ ಹಾರಿ, ಬಲ ಕುಗ್ಗಿ, ಹೊರಹೋಗುವ ಅನಿಲದ ಕೊಳವೆಗಳು ಕೆಂಪಗೆ ಕಾಯುತ್ತವೆ. ಆದಕಾರಣ ಡಿಸ್ಟ್ರಿಬ್ಯೂಟರೂ ಹೊಸದು ಬೇಕು.

ಪಂಪಿನದು ಇದಕ್ಕಿಂತ ಭಯಾನಕವಾದ ವಿಷಯ. ಈ ಟ್ರಕ್ಕಿನ ಟ್ಯಾಂಕಿನಲ್ಲಿ ಮುಳುಗಿರುವ ವಿದ್ಯುತ್ ಪಂಪು ಪ್ರತಿ ಚದರ ಅಂಗುಲಕ್ಕೆ 9ರಿಂದ 13 ಪೌಂಡಿನ ಒತ್ತಡದಲ್ಲಿ ಪೆಟ್ರೋಲನ್ನು ತಳ್ಳುತ್ತದೆ. ಕಾರ್ಬುರೇಟರಿನ ಬಟ್ಟಲನ್ನು ಕಾಯುವ ತೇಲುಬುರುಡೆ ಮತ್ತು ಸೂಜಿ ತಡೆದುಕೊಳ್ಳುವುದು ಸುಮಾರು 5ರಿಂದ 7 ಪೌಂಡು. ಹಳೆಯ ಪಂಪಿಗೆ ಹೊಸ ಕಾರ್ಬುರೇಟರನ್ನು ನೇರವಾಗಿ ಜೋಡಿಸಿದರೆ ಸೂಜಿ ಸೋಲುತ್ತದೆ, ಬಟ್ಟಲು ತುಂಬಿ ಹರಿಯುತ್ತದೆ, ಬಿಸಿ ಎಂಜಿನಿನ ಮೇಲೆ ಹಸಿ ಪೆಟ್ರೋಲು ಸುರಿಯುತ್ತದೆ. ಹಣ ಉಳಿಸಬೇಕೆನ್ನುವವನಿಗೆ ಇಲ್ಲೊಂದು ಸರಿಯಾದ ದಾರಿಯೂ ಇದೆ. ಟ್ರಕ್ಕಿನಲ್ಲಿ ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಹಿಂತಿರುಗಿಸುವ ಕೊಳವೆ ಹೇಗೂ ಇದೆ. ಆ ಕೊಳವೆಗೆ ಹರಿಯಬಿಟ್ಟು ಒತ್ತಡವನ್ನು ಇಳಿಸುವ ನಿಯಂತ್ರಕವನ್ನು ಕೂರಿಸಿದರೆ ಹಳೆಯ ಪಂಪೇ ಸಾಕು. ಆದರೆ ಇನ್ನೊಂದು ಅಪಾಯ ಉಳಿದಿದೆ. ಎಂಜಿನು ನಿಂತೊಡನೆ ಪಂಪನ್ನು ನಿಲ್ಲಿಸುತ್ತಿದ್ದುದು ಗಣಕ. ಅದಿಲ್ಲದಾಗ ಪಂಪನ್ನು ಕೀಲಿಗೆ ನೇರವಾಗಿ ಕಟ್ಟಿದರೆ, ಅಪಘಾತವಾಗಿ ಕೊಳವೆ ಹರಿದು ಎಂಜಿನು ನಿಂತರೂ ಪಂಪು ಪೆಟ್ರೋಲನ್ನು ಕಾರುತ್ತಲೇ ಇರುತ್ತದೆ. ಎಣ್ಣೆಯ ಒತ್ತಡವಿರುವವರೆಗೆ ಮಾತ್ರ ಪಂಪಿಗೆ ವಿದ್ಯುತ್ತನ್ನು ಬಿಡುವ ಒಂದು ಸ್ವಿಚ್ಚನ್ನು ಮಧ್ಯದಲ್ಲಿ ಇಡತಕ್ಕದ್ದು. ಬೆಲೆ ಅಲ್ಪ, ಬಹುಮಂದಿ ಬಿಟ್ಟುಬಿಡುವುದೂ ಇದನ್ನೇ.

ಇನ್ನು ಗೇರುಪೆಟ್ಟಿಗೆ. 1991ರಿಂದೀಚೆಗೆ ಈ ಎಂಜಿನಿನ ಹಿಂದೆ ಸಾಮಾನ್ಯವಾಗಿ ಇರುವುದು 4ಎಲ್80-ಇ ಎಂಬ ಸ್ವಯಂಚಾಲಿತ ಪೆಟ್ಟಿಗೆ. ಅದು ಗೇರು ಬದಲಿಸುವುದು ವಿದ್ಯುತ್ ಆಜ್ಞೆಯಿಂದ. ಆಜ್ಞೆ ಕೊಡುವವರೇ ಇಲ್ಲವಾದಾಗ ಅದು ಎರಡನೆಯ ಗೇರಿನಲ್ಲಿಯೇ ಕುಳಿತುಬಿಡುತ್ತದೆ. ಅದಕ್ಕೆ ಪ್ರತ್ಯೇಕ ನಿಯಂತ್ರಕವನ್ನು ಕೊಳ್ಳಹೊರಟರೆ ಕಾರ್ಬುರೇಟರಿನಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹಣ ಬೀಳುತ್ತದೆ. ಗಣಕದ ಕಾಟ ಬೇಡವೆಂದು ಹೊರಟವನು ಇನ್ನೊಂದು ಗಣಕವನ್ನು ಕೊಂಡು ತರುವ ಈ ಪ್ರಸಂಗದಲ್ಲಿ ಮೂಗಿಗಿಂತ ಮೂಗುತಿ ಭಾರವಾಯಿತೆಂಬುದನ್ನು ಯಾರೂ ಒಪ್ಪಬೇಕಾದೀತು. 1990ರವರೆಗಿನ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿದ್ದ ಮೂರು ಗೇರಿನ ಟರ್ಬೋ ಹೈಡ್ರಾಮ್ಯಾಟಿಕ್ 400 ಪೆಟ್ಟಿಗೆಗೆ ಈ ಹಂಗಿಲ್ಲ.

ಕಾರ್ಬುರೇಟರಿನ ಆಯ್ಕೆಯಲ್ಲಿಯೂ ಜನರು ಎಡವುತ್ತಾರೆ. ಎಂಜಿನು ದೊಡ್ಡದು, ಆದುದರಿಂದ ಕಾರ್ಬುರೇಟರೂ ಅಂಗಡಿಯಲ್ಲಿ ಸಿಗುವ ಅತಿ ದೊಡ್ಡದೇ ಆಗಬೇಕು ಎಂಬ ತರ್ಕವನ್ನು ಒಂದು ಸಣ್ಣ ಗುಣಾಕಾರ ಮುರಿಯುತ್ತದೆ. ನಾಲ್ಕು ಹೊಡೆತದ ಎಂಜಿನು ಎರಡು ಸುತ್ತಿಗೊಮ್ಮೆ ತನ್ನ ಪೂರ್ಣ ಗಾತ್ರದಷ್ಟು ಗಾಳಿಯನ್ನು ಸೆಳೆಯುತ್ತದೆ. ನಿಮಿಷಕ್ಕೆ 4000 ಸುತ್ತಿನಲ್ಲಿ 7.44 ಲೀಟರಿನಂತೆ 2000 ಸಲ: 14,880 ಲೀಟರು. ವಾಸ್ತವದಲ್ಲಿ ಸಿಲಿಂಡರುಗಳು ಪೂರ್ತಿ ತುಂಬುವುದಿಲ್ಲ. ಶೇಕಡಾ 80ರಷ್ಟು ಎಂದಿಟ್ಟುಕೊಂಡರೆ ಸುಮಾರು 11,900 ಲೀಟರು, ಅಂದರೆ ಕಾರ್ಬುರೇಟರುಗಳನ್ನು ಅಳೆಯುವ ರೂಢಿಯ ಮಾನದಲ್ಲಿ ನಿಮಿಷಕ್ಕೆ 420 ಘನ ಅಡಿ. ಭಾರ ಎಳೆಯುವ ಟ್ರಕ್ಕು 4000 ಸುತ್ತನ್ನು ದಾಟುವುದೇ ಅಪರೂಪ. ಹಾಗಿರುವಾಗ 600 ಅಥವಾ 650 ಘನ ಅಡಿಯದು ಧಾರಾಳವಾಗಿ ಸಾಕು. 850ರದನ್ನು ಹಾಕಿದರೆ ಕಂಠ ಅಗಲವಾಗಿ, ಗಾಳಿಯ ವೇಗ ತಗ್ಗಿ, ಪೆಟ್ರೋಲನ್ನು ಸೆಳೆಯುವ ಒತ್ತಡದ ವ್ಯತ್ಯಾಸವೇ ಕ್ಷೀಣವಾಗುತ್ತದೆ. ಬರ್ನೂಲಿಯ ತತ್ತ್ವಕ್ಕೆ ಹಣದ ಹಂಗಿಲ್ಲ. ಹೆಚ್ಚು ಕೊಟ್ಟವನಿಗೆ ಅದು ಕೆಟ್ಟ ಎಂಜಿನನ್ನೇ ಕೊಡುತ್ತದೆ.

ಇಲ್ಲಿಯವರೆಗೆ ಹೇಳಿದುದನ್ನೆಲ್ಲ ಹೊಸದಾಗಿ ಕೊಳ್ಳುವುದಕ್ಕಿಂತ ಬೇರೆ ದಾರಿಯಿದೆ, ಮತ್ತು ಅದೇ ನಮಗೆ ಮೆಚ್ಚಿಗೆ. ಕಾರ್ಖಾನೆಯೇ 1986ರವರೆಗೆ ಇದೇ ಎಂಜಿನಿಗೆ ಕಾರ್ಬುರೇಟರನ್ನು ಜೋಡಿಸಿ ಮಾರಿತ್ತಷ್ಟೆ. ಹಳೆಯ ವಾಹನಗಳನ್ನು ಬಿಡಿಭಾಗಗಳಾಗಿ ಮಾರುವ ಗುಜರಿಯಲ್ಲಿ ಅಂಥ ಟ್ರಕ್ಕೊಂದನ್ನು ಹುಡುಕಿ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡು, ಕಾರ್ಬುರೇಟರು, ಡಿಸ್ಟ್ರಿಬ್ಯೂಟರು, ವೇಗದ ಕಾಲುಹಲಗೆಯ ಸಂಬಂಧಗಳು, ಗಾಳಿಶೋಧಕ — ಇವನ್ನೆಲ್ಲ ಒಂದೇ ಗಾಡಿಯಿಂದ ಒಟ್ಟಾಗಿ ಬಿಚ್ಚಿ ತರಬೇಕು. ಬಿಡಿಬಿಡಿಯಾಗಿ ತಂದ ಭಾಗಗಳು ಒಂದನ್ನೊಂದು ಅರಿಯವು. ಒಟ್ಟಿಗೆ ಬಂದವು ವರ್ಷಗಟ್ಟಲೆ ಒಟ್ಟಿಗೆ ದುಡಿದವು. ಆ ಟ್ರಕ್ಕುಗಳಲ್ಲಿದ್ದ ಕ್ವಾಡ್ರಾಜೆಟ್ ಕಾರ್ಬುರೇಟರನ್ನು ಬಹಳ ಮಂದಿ ದೂರುತ್ತಾರೆ. ದೂರುವವರಲ್ಲಿ ಹೆಚ್ಚಿನವರು ಅದನ್ನು ಬಿಚ್ಚಿ ನೋಡಿದವರಲ್ಲ. ಅದರ ಮೊದಲೆರಡು ಕಂಠಗಳು ಚಿಕ್ಕವು, ಆದುದರಿಂದ ನಿಧಾನದ ಓಟದಲ್ಲಿ ಅಳತೆ ನಿಖರ. ಹಿಂದಿನೆರಡು ತುಂಬ ದೊಡ್ಡವು; ಆದರೆ ಅವುಗಳ ಮೇಲಿನ ಬಾಗಿಲು ಗಾಳಿ ಕೇಳಿದಷ್ಟು ಮಾತ್ರವೇ ತೆರೆಯುತ್ತದೆ. ಆದಕಾರಣ ಮೇಲೆ ಹೇಳಿದ ಅತಿದೊಡ್ಡ ಕಾರ್ಬುರೇಟರಿನ ದೋಷ ಇದಕ್ಕೆ ತಟ್ಟುವುದಿಲ್ಲ.

ಗುಜರಿಗೆ ಹೋದವನು ಒಂದು ಗುಂಡಿಯನ್ನು ತಪ್ಪಿಸಿಕೊಳ್ಳಬೇಕು. ಇದೇ ವಂಶದ 366 ಮತ್ತು 427 ಘನ ಅಂಗುಲದ ಎಂಜಿನುಗಳು ಇನ್ನೂ ಭಾರವಾದ ಟ್ರಕ್ಕುಗಳಿಗಾಗಿ ತಯಾರಾದವು. ನೋಡುವುದಕ್ಕೆ ಅಣ್ಣತಮ್ಮಂದಿರಂತಿದ್ದರೂ ಆ ಟ್ರಕ್ಕುಗಳ ಬ್ಲಾಕು 0.4 ಅಂಗುಲ, ಎಂದರೆ ಸುಮಾರು 10 ಮಿಲಿಮೀಟರು, ಹೆಚ್ಚು ಎತ್ತರ. ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿರುವ ಎರಡು ಸಾಲುಗಳು ಎತ್ತರವಾದರೆ ಅವುಗಳ ನಡುವಣ ಅಂತರವೂ ಅಗಲವಾಗುತ್ತದೆಂಬುದನ್ನು ರೇಖಾಗಣಿತ ಕಲಿತವರಿಗೆ ವಿವರಿಸಬೇಕಾದುದಿಲ್ಲ. 454ರ ಮ್ಯಾನಿಫೋಲ್ಡು ಅಲ್ಲಿ ಕೂರದು, ಡಿಸ್ಟ್ರಿಬ್ಯೂಟರೂ ಗಿಡ್ಡವಾಗುತ್ತದೆ.

ಎಲ್ಲವನ್ನೂ ಸರಿಯಾಗಿಯೇ ಕೂರಿಸಿದ ಮೇಲೂ ಕಾರ್ಬುರೇಟರಿನ ಒಂದು ಕುರುಡು ಉಳಿಯುತ್ತದೆ. ಕಂಠದ ಒತ್ತಡದ ವ್ಯತ್ಯಾಸ ಒಂದೇ ಆಗಿರುವಾಗ, ಹರಿಯುವ ಗಾಳಿಯ ತೂಕವು ಅದರ ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುತ್ತದೆ. ಪೆಟ್ರೋಲಿನ ಸಾಂದ್ರತೆ ಮಾತ್ರ ಬದಲಾಗದು. ಸಮುದ್ರಮಟ್ಟದಲ್ಲಿ ಸರಿಹೊಂದಿಸಿದ ಟ್ರಕ್ಕನ್ನು ಸುಮಾರು 1600 ಮೀಟರು ಎತ್ತರದ ಡೆನ್ವರ್ ನಗರಕ್ಕೆ ಒಯ್ದರೆ ಗಾಳಿಯ ಸಾಂದ್ರತೆ ಶೇಕಡಾ 15ರಷ್ಟು ಕುಗ್ಗಿರುತ್ತದೆ. ಲೆಕ್ಕ ಹಾಕಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಸುಮಾರು 8 ಶೇಕಡಾ ಹೆಚ್ಚುತ್ತದೆ. ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿಯಿದ್ದದ್ದು 13.6ಕ್ಕೆ ಇಳಿಯುತ್ತದೆ. ಇಂಜೆಕ್ಷನ್ನಿನ ಗಣಕವಾದರೋ ಗಾಳಿಯ ಒತ್ತಡವನ್ನು ಅಳೆದು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಕಾರ್ಬುರೇಟರಿಗೆ ತನ್ನ ತಪ್ಪು ತಿಳಿಯುವ ದಾರಿಯೇ ಇಲ್ಲ. ಹೆಚ್ಚಾದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಸವೆತಕ್ಕೆ ದಾರಿಮಾಡುತ್ತದೆ, ಅರೆಬೆಂದ ಅನಿಲ ಊರಿನ ಗಾಳಿಗೆ ಸೇರುತ್ತದೆ.

ಆ ಊರಿನ ಗಾಳಿಯ ಪರವಾಗಿ ಮಾತನಾಡುವುದು ಕಾನೂನು. ಅಮೆರಿಕದ 1970ರ ಶುದ್ಧವಾಯು ಶಾಸನವೂ ಅದರ ತಿದ್ದುಪಡಿಗಳೂ ರಸ್ತೆಯ ವಾಹನದಿಂದ ಹೊಗೆ ನಿಯಂತ್ರಣದ ಸಾಧನಗಳನ್ನು ಕಿತ್ತುಹಾಕುವುದನ್ನು ನಿಷೇಧಿಸುತ್ತವೆ. 1990ರ ತಿದ್ದುಪಡಿಯಿಂದ ಈ ನಿಷೇಧ ಸಾಮಾನ್ಯ ಮಾಲೀಕನಿಗೂ ಅನ್ವಯಿಸುತ್ತದೆ. ನಮ್ಮಲ್ಲಿಯೂ 1988ರ ಮೋಟಾರು ವಾಹನ ಶಾಸನದ 52ನೆಯ ಕಲಮು ತಯಾರಕನು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಗೊಡುವುದಿಲ್ಲ. ಮೋಟಾರು ಸೈಕಲನ್ನು ಬಿಚ್ಚಿ ಕಟ್ಟುವ ಹುಮ್ಮಸ್ಸಿರುವ ತರುಣರು ಇದನ್ನು ಅರಿತಿರುವುದು ಒಳ್ಳೆಯದು.

ಹಾಗಾದರೆ ಕಾರ್ಬುರೇಟರಿಗೆ ಎಲ್ಲಿಯೂ ಸ್ಥಳವಿಲ್ಲವೆ? ಇದೆ. ಎಂಜಿನು ಯಾವುದು ಎಂಬುದಕ್ಕಿಂತ ಅದು ಯಾವ ಗಾಡಿಯಲ್ಲಿ ಕುಳಿತಿದೆ ಎಂಬುದು ಮುಖ್ಯ. ಮೇಲೆ ಎಣಿಸಿದ ಖರ್ಚುಗಳಲ್ಲಿ ಬಹುಪಾಲು ಎಂಜಿನಿನದಲ್ಲ, ಅದರ ಸುತ್ತಲಿನ ಗಾಡಿಯದು. ಕಾರ್ಬುರೇಟರಿನೊಂದಿಗೇ ಹುಟ್ಟಿದ 1970ರ ದಶಕದ ಟ್ರಕ್ಕೊಂದರ ಎಂಜಿನು ಒಡೆದುಹೋಗಿದೆ; ಗುಜರಿಯಲ್ಲಿ ಬಿದ್ದ ಪ್ರವಾಸಿ ಬಂಡಿಯೊಂದರಿಂದ 1989ರ ಇಂಜೆಕ್ಷನ್ 454 ಅಗ್ಗವಾಗಿ ಸಿಕ್ಕಿದೆ; ಅದರ ತಂತಿಯ ಜಾಲವೂ ಗಣಕವೂ ಕಳೆದುಹೋಗಿವೆ. ಇಲ್ಲಿ ಒಡೆದ ಎಂಜಿನಿನ ಮೇಲಿನ ಕಾರ್ಬುರೇಟರು, ಮ್ಯಾನಿಫೋಲ್ಡು, ಡಿಸ್ಟ್ರಿಬ್ಯೂಟರುಗಳನ್ನೇ ಹೊಸದಕ್ಕೆ ದಾಟಿಸಿದರೆ ಆಯಿತು. ಗೇರುಪೆಟ್ಟಿಗೆ ಹಳೆಯದೇ, ಪಂಪು ಹಳೆಯದೇ, ಗಾಡಿ ತನ್ನ ಹುಟ್ಟುರೂಪದಲ್ಲಿಯೇ ಉಳಿಯುತ್ತದೆ. ಖರ್ಚು ಕೆಲವು ಗ್ಯಾಸ್ಕೆಟ್ಟುಗಳದು ಮತ್ತು ಎರಡು ದಿನದ ದುಡಿಮೆಯದು. ಇಂಥ ಕೆಲಸವನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಅದಕ್ಕೆ ವಿರುದ್ಧವಾಗಿ, ಗಣಕ, ತಂತಿ, ಗೇರುಪೆಟ್ಟಿಗೆ ಎಲ್ಲವೂ ಇದ್ದು, ಕೇವಲ ಹೊಗೆಯುಗುಳುತ್ತಿದೆ ಎಂಬ ಕಾರಣಕ್ಕೆ 1993ರ ಟ್ರಕ್ಕಿನಿಂದ ಇಂಜೆಕ್ಷನ್ನನ್ನು ಕೀಳುವುದನ್ನು ನಾವು ಮಿತವ್ಯಯವೆಂದು ಕರೆಯಲಾರೆವು.

ಯಾವ ಹೇಳಿಕೆಗೂ ಕಿವಿಗೊಡದೆ ಕೀಳಲೇಬೇಕೆನ್ನುವವರಿಗೆ ನಮ್ಮದೊಂದೇ ಕೋರಿಕೆ: ಬಿಚ್ಚಿದ ಪ್ರತಿಯೊಂದು ತಂತಿಗೂ ಹೆಸರಿನ ಚೀಟಿ ಕಟ್ಟಿ, ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿ, ಇಲಿ ಮುಟ್ಟದ ಕಡೆ ಇಡಿ. ಈ ಗಣಕಗಳನ್ನು ಹೊಸದಾಗಿ ತಯಾರಿಸುತ್ತಿಲ್ಲ, ಮತ್ತು ಟ್ರಕ್ಕನ್ನು ನಿಮ್ಮಿಂದ ಕೊಳ್ಳುವ ಮುಂದಿನ ಮಾಲೀಕನು ಆ ಪೆಟ್ಟಿಗೆ ಇದೆಯೇ ಎಂದೇ ಮೊದಲು ಕೇಳಿಯಾನು.